ವೇಷ ತೊಟ್ಟ ಕ್ಯಾಬರೆ, ಬರ್ಲೆಸ್ಕ್ (ಉಡುಪು ಒಂದೊಂದಾಗಿ ಕಳಚುತ್ತ ಮಾಡುವ ವಿನೋದದ ರಂಗಪ್ರದರ್ಶನ) ಕಲಾವಿದರನ್ನು ನೋಡಿ ಚಿತ್ರ ಬರೆಯುವ ಸಂಜೆಯಲ್ಲಿ ಭಂಗಿಗಳಿಗೆ ಎಷ್ಟೆಷ್ಟು ಹೊತ್ತು ಕೊಡಬೇಕು?

2 ಗಂಟೆಯ ಕೂಟಕ್ಕೆ 1 ನಿಮಿಷದ ಐದು ಭಂಗಿ, 5 ನಿಮಿಷದ ನಾಲ್ಕು, 20 ನಿಮಿಷದ ಎರಡು ಸಾಕು. ಉಳಿದದ್ದು ವಿರಾಮಕ್ಕೆ, ಒಂದು ಪುಟ್ಟ ನೃತ್ಯಕ್ಕೆ. ಕೈ ಮೇಲೆತ್ತಿದ, ಒಂಟಿಕಾಲಿನ ಭಂಗಿಗಳೆಲ್ಲ 1 ನಿಮಿಷದವುಗಳಲ್ಲೇ ಮುಗಿಯಲಿ, ಇಲ್ಲದಿದ್ದರೆ ತೋಳು ಜೋಮು ಹಿಡಿದು ಇಳಿಯುತ್ತದೆ. ರಂಗದ ಕಲಾವಿದರು ಚಲನೆಗೆ ಪಳಗಿದವರು. ಅಲುಗದೆ ನಿಲ್ಲುವುದು ಬೇರೆಯೇ ಕಷ್ಟ.

ದೀರ್ಘ ಭಂಗಿಗೆ ಕುರ್ಚಿ ಕೊಡಿ, ನಡು ಬಿಗಿಯುವ ಉಡುಪಾದ ಕಾರ್ಸೆಟ್‌ನ ಲಾಡಿ ಸಡಿಲಿಸಲು ಹೇಳಿ: ಬಿಗಿದುಕೊಂಡೇ ಇದ್ದರೆ ಉಸಿರು ಕಟ್ಟಿ ತಲೆಸುತ್ತು ಬರಬಹುದು. ಮತ್ತೆ ಅದೇ ಭಂಗಿಗೆ ಮರಳಲು, ವಿರಾಮಕ್ಕೆ ಮುಂಚೆ ಕೈಕಾಲು ಇದ್ದ ಜಾಗಕ್ಕೆ ಟೇಪ್ ಅಂಟಿಸಿ.

ಬೆಳಕು ಒಂದೇ ಬದಿಯಿಂದ ಬರಲಿ. ಬಣ್ಣದ ರಂಗದೀಪಗಳು ಹಲವು ಕಡೆಯಿಂದ ಬಿದ್ದರೆ ನೆರಳು ಕಲಸಿಹೋಗುತ್ತದೆ.

ಸಂಭಾವನೆ, ಎಷ್ಟರಮಟ್ಟಿಗೆ ಬಟ್ಟೆ ಕಳಚುವುದು, ಫೋಟೊ ತೆಗೆಯಬಹುದೇ ಎಂಬುದನ್ನು ಕಲಾವಿದರೊಂದಿಗೆ ಮೊದಲೇ ಬರೆದಿಟ್ಟುಕೊಳ್ಳಿ.