ಕಿರೀಟ ಬಿದ್ದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ವಯಸ್ಸು, ಮನೆಯವರ ವಿವರ, ಸಾಲದ ಅಂಕಿ ಎಲ್ಲ ಬದಲಿಸಿದ್ದೇವೆ. ಊರಿನ ಹೆಸರು ಬಿಟ್ಟಿದ್ದೇವೆ. ದುರ್ಯೋಧನನನ್ನು ಮಾತ್ರ ಬದಲಿಸಿಲ್ಲ.

ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಕಡೆಯ ರೈತ, 37 ವರ್ಷ. ಮೂರು ಎಕರೆ ಖುಷ್ಕಿ ಹೊಲ, ತೊಗರಿ ಬೆಳೆ, ಹೆಂಡತಿ, ಒಬ್ಬಳು ಮಗಳು. ಊರ ಜಾತ್ರೆಯ ಪೌರಾಣಿಕ ನಾಟಕದಲ್ಲಿ 11 ವರ್ಷದಿಂದ ದುರ್ಯೋಧನನ ಪಾರ್ಟು ಇವರದೇ. ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ದೊರಿ’ ಅನ್ನುತ್ತಾರೆ. ಈ ಸಲದ ಜಾತ್ರೆಯಲ್ಲಿ ಮಯಸಭೆಯ ಸೀನಿನಲ್ಲಿ ನೀರಿನ ಗುರುತಿಗೆ ಹಾಸಿದ್ದ ನೀಲಿ ಸೀರೆಯ ಮೇಲೆ ಇವರು ನಿಜವಾಗಿಯೇ ಜಾರಿದರು. ಕನ್ನಡಿ ಚೂರು ಅಂಟಿಸಿದ ರಟ್ಟಿನ ಕಿರೀಟ ಉರುಳಿ ಸ್ಟೇಜಿನಿಂದ ಕೆಳಗೆ ಬಿತ್ತು. ಮುಂದೆ ಕೂತಿದ್ದ ಹುಡುಗನೊಬ್ಬ ‘ದೊರಿ, ಟೊಪ್ಪಿಗಿ ಬಿತ್ತೋ’ ಅಂದ. ಮುಂದಿನ ಮಾತು ಮರೆತುಹೋಯಿತು. ಪೇಟಿ ಮಾಸ್ತರರು ಒಂದು ಪದ ಎತ್ತಿಕೊಂಡು ಹೇಗೋ ಸಂಭಾಳಿಸಿದರು.

ಅಂದಿನಿಂದ ಮೂರು ವಾರ ಮನೆ ಬಿಟ್ಟು ಹೊರಬಿದ್ದಿಲ್ಲ. ನಮ್ಮ ಹತ್ತಿರ ಆಪ್ತಸಲಹೆಗೆ ಕರೆತಂದವರು ಹೆಂಡತಿ ಮತ್ತು ಹೆಂಡತಿಯ ಅಣ್ಣ. ‘ರಾತ್ರಿ ಎದ್ದು ಕೂಡ್ತಾರ್ರಿ ಮೇಡಮ್ಮೋರ. ಇನ್ನ ನಾ ಇದ್ದರ ಏನು, ಹೋದರ ಏನು ಅಂತಾರ’ ಎಂದರು ಹೆಂಡತಿ.

ಇಂಥ ಮಾತು ಕಿವಿಗೆ ಬಿದ್ದ ಮೇಲೆ ದುರ್ಯೋಧನ, ವಿಶ್ಲೇಷಣೆ ಎಲ್ಲ ಆಮೇಲಿನ ಮಾತು. ಅವರೊಬ್ಬರನ್ನೇ ಕೂಡಿಸಿಕೊಂಡು ನೇರವಾಗಿ ಕೇಳಿದೆವು: ಸಾಯಬೇಕು ಅನ್ನಿಸುತ್ತದೆಯೇ, ಹೇಗೆ ಎಂದು ಯೋಚಿಸಿದ್ದೀರಾ, ಯಾವಾಗ ಎಂದು ಗೊತ್ತುಮಾಡಿದ್ದೀರಾ, ಇದುವರೆಗೆ ನಿಮ್ಮನ್ನು ತಡೆದದ್ದು ಏನು. ಕೇಳಿದರೆ ಆ ಯೋಚನೆ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ಮನೆಯವರಿಗಿರುತ್ತದೆ. ಹಾಗಾಗುವುದಿಲ್ಲ, ಕೇಳಿದವರ ಮುಂದೆ ಜನ ಹಗುರಾಗುತ್ತಾರೆ. ಇವರಿಗೆ ಯೋಚನೆ ಇತ್ತು, ಯೋಜನೆ ಇರಲಿಲ್ಲ. ಆದರೆ ತೊಗರಿ ಬೆಳೆಯುವ ಮನೆಯಲ್ಲಿ ಕಾಯಿಕೊರಕದ ಹುಳಕ್ಕೆ ಹೊಡೆಯುವ ಔಷಧಿ ಇದ್ದೇ ಇರುತ್ತದೆ. ಅದೇ ಸಂಜೆ ಆ ಬಾಟಲಿಗಳೆಲ್ಲ ಹೆಂಡತಿಯ ಅಣ್ಣನ ಮನೆಯ ಪೆಟ್ಟಿಗೆಗೆ ಹೋದವು, ಬೀಗದ ಕೈ ಅವರ ಕೈಯಲ್ಲಿ. ‘ಮೇಲಿನ ಗೂಡಿನ್ಯಾಗ ಇಡ್ತೀವ್ರಿ’ ಎಂದಿದ್ದರು, ಸಾಲದು ಎಂದೆವು. ಟೆಲಿ ಮಾನಸ್‌ನ 14416 ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರನ್ನು ಮೂವರ ಫೋನಿನಲ್ಲೂ ಹಾಕಿಸಿದೆವು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಗುರುತು ಬಿದ್ದರೂ ಒಟ್ಟು ಮೊತ್ತ ಎಷ್ಟೇ ಇರಲಿ, ವೈದ್ಯರಿಗೆ ತೋರಿಸಲೇಬೇಕು. ಮನೋವೈದ್ಯರ ಬಳಿ ಕಳಿಸಿದೆವು, ಔಷಧಿ ಶುರುವಾಯಿತು. ನಮ್ಮ ಭೇಟಿಗಳು ಅದರ ಜೊತೆಜೊತೆಗೇ ನಡೆದವು: ವಾರಕ್ಕೊಂದು, 50 ನಿಮಿಷ, ಒಟ್ಟು 9.

ಹೆಂಡತಿಯ ಅಣ್ಣ ಮೊದಲ ದಿನವೇ ಕೇಳಿದ್ದು: ‘ಇಂವಾ ನಾರ್ಸಿಸಿಸ್ಟ್ ಏನ್ರಿ?’ ತಾನೇ ದೊಡ್ಡವನೆಂದು ಮೆರೆಯುವವನು ಎಂಬ ಅರ್ಥದ ಈ ಪದ ಈಗ ವಾಟ್ಸಾಪಿನಲ್ಲಿ ಬಲು ಅಗ್ಗ. ಆ ವ್ಯಕ್ತಿತ್ವ ದೋಷಕ್ಕೆ ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಒಂಬತ್ತು ಲಕ್ಷಣ ಕೊಡುತ್ತದೆ, ಕನಿಷ್ಠ ಐದಾದರೂ ಇರಬೇಕು, ಹರೆಯ ದಾಟುವ ಹೊತ್ತಿನಿಂದ ಎಲ್ಲ ಸಂಬಂಧಗಳಲ್ಲೂ ಕಾಣಬೇಕು. ಇವರಲ್ಲಿ ಪರರ ನೋವು ತಿಳಿಯದ ಗುಣ ಇಲ್ಲವೇ ಇಲ್ಲ. ಮಗಳಿಗೆ ಜ್ವರ ಬಂದರೆ ರಾತ್ರಿಯಿಡೀ ಎತ್ತಿಕೊಂಡು ತಿರುಗುವವರು. ನಮಗೆ ಕಂಡದ್ದು ಬೇರೆ. 1950ರಲ್ಲಿ ಮನೋವಿಶ್ಲೇಷಕಿ ಕರೆನ್ ಹಾರ್ನೈ ವಿವರಿಸಿದ ಆದರ್ಶ ಸ್ವಚಿತ್ರದ ಕಾಟ ಅದು. ಚಿಕ್ಕಂದಿನ ಅವಮಾನದಿಂದ ಪಾರಾಗಲು ಮನಸ್ಸು ತನ್ನದೇ ಒಂದು ಭವ್ಯ ಚಿತ್ರ ಬರೆದುಕೊಳ್ಳುತ್ತದೆ. ಮೊದಲು ಅದು ಆಸರೆ, ಬರಬರುತ್ತ ಅದೇ ಒಡೆಯ. ‘ನಾನು ಹೀಗಿರಬೇಕು, ಹಾಗೆ ಕಾಣಲೇಬೇಕು’ ಎಂಬ ಬೇಕೇಬೇಕುಗಳು ಸಾಲುಗಟ್ಟುತ್ತವೆ, ಹಾರ್ನೈ ಅವನ್ನು ದಬ್ಬಾಳಿಕೆ ಎಂದೇ ಕರೆದರು. ನಿಜವಾದ ಮನುಷ್ಯ ಆ ಎತ್ತರಕ್ಕೆ ಮುಟ್ಟದ ದಿನ ಅವನ ಮೇಲೆ ಅವನಿಗೇ ಹೇಸಿಗೆ. ಇಂಥವರು ತಮ್ಮನ್ನು ಪ್ರೀತಿಸುವುದಿಲ್ಲ, ತಮ್ಮ ಚಿತ್ರದ ಮನೆಯಲ್ಲಿ ದುಡಿಯುತ್ತಾರೆ.

ಇವರ ಚಿತ್ರ ಶುರುವಾದದ್ದು ಸಾಹುಕಾರರ ಮನೆಯ ಕಟ್ಟೆಯ ಕೆಳಗೆ. ಹನ್ನೆರಡರ ವಯಸ್ಸಿನಲ್ಲಿ, ಬಿತ್ತನೆ ಸಾಲಕ್ಕೆ ಬಂದ ಅಪ್ಪನ ಜೊತೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತದ್ದು. 26ರಲ್ಲಿ ಮೊದಲ ಸಲ ಕಿರೀಟ ಇಟ್ಟಾಗ ಅದೇ ಸಾಹುಕಾರರು 501 ರೂಪಾಯಿ ಆಯೇರಿ ಮಾಡಿದರು. ಮೈಕಿನಲ್ಲಿ ಹೆಸರು ಕೂಗಿದರು. ಆಮೇಲೆ ದೊರೆ ಸ್ಟೇಜಿನಿಂದ ಇಳಿಯಲೇ ಇಲ್ಲ. ಹೋಟೆಲಿನಲ್ಲಿ ಎಲ್ಲರ ಚಹಾದ ದುಡ್ಡು ಇವರದೇ. ವಂತಿಗೆ ಎತ್ತಲು ಬಂದವರಿಗೆ ಇಲ್ಲ ಅನ್ನುವಂತಿಲ್ಲ. ಯಾರ ಹತ್ತಿರವೂ ಕೈ ಚಾಚುವಂತಿಲ್ಲ. ಅದಕ್ಕೇ ಗುರುತಿನವರನ್ನು ಬಿಟ್ಟು ಬಡ್ಡಿಯವರ ಹತ್ತಿರ ಸಾಲ, ಒಟ್ಟು 1,85,000. ಅದರಲ್ಲಿ 22,000 ಹೊಸ ಡ್ರೆಸ್ಸು, ಭುಜಕೀರ್ತಿಗೆ.

ಎರಡನೆಯ ಭೇಟಿಯಲ್ಲಿ ಅವರ ಬಗ್ಗೆ ಕೇಳಿದರೆ ಉತ್ತರ ‘ಏನಿಲ್ರಿ’. ದುರ್ಯೋಧನನ ಬಗ್ಗೆ ಕೇಳಿದರೆ ನಲವತ್ತು ನಿಮಿಷ. ಆದ್ದರಿಂದ ಮೂರನೆಯ ಕುರ್ಚಿ ಹಾಕಿ ಅವನನ್ನು ಕೂಡಿಸಿದೆವು, ನಾಲ್ಕು ಭೇಟಿ ಅವನದೇ ಕೇಸು ನಡೆಯಿತು. ಪುರಾಣದ ರಾಜನಿಗೆ ರೋಗದ ಹೆಸರು ಅಂಟಿಸುವುದು ಇಲ್ಲಿನ ಉದ್ದೇಶವಲ್ಲ. ತನ್ನ ಹುಣ್ಣನ್ನು ಮುಟ್ಟಗೊಡದವನು ಮತ್ತೊಬ್ಬನ ಹುಣ್ಣನ್ನು ಚೆನ್ನಾಗಿ ವರ್ಣಿಸಬಲ್ಲ, ಅಷ್ಟೇ.

ಮೊದಲು ಮಯಸಭೆ. ನಮ್ಮ ನಾಟಕಗಳಲ್ಲಿ ದ್ರೌಪದಿ ‘ಕುರುಡನ ಮಗ ಕುರುಡ’ ಎಂದು ನಗುತ್ತಾಳೆ. ಪುಣೆಯ ಭಂಡಾರಕರ ಸಂಸ್ಥೆ ಪರಿಷ್ಕರಿಸಿದ ವ್ಯಾಸಭಾರತದ ಸಭಾಪರ್ವದಲ್ಲಿ ಆ ಮಾತಿಲ್ಲ. ನೀರಿಗೆ ಬಿದ್ದಾಗ ನಕ್ಕವರು ಸೇವಕರು, ಆಮೇಲೆ ಭೀಮ, ಅರ್ಜುನ, ನಕುಲ, ಸಹದೇವ. ಧರ್ಮರಾಯನ ಅಪ್ಪಣೆಯಂತೆ ಒಣಬಟ್ಟೆಯನ್ನೂ ತಂದುಕೊಟ್ಟರು. ಆದರೆ ಹಸ್ತಿನಾವತಿಗೆ ಮರಳಿ ಅಪ್ಪನ ಮುಂದೆ ದುರ್ಯೋಧನ ಅದನ್ನೇ ಹೇಳುವಾಗ ಕೃಷ್ಣನೂ ನಕ್ಕ, ಹೆಂಗಸರ ಜೊತೆ ದ್ರೌಪದಿಯೂ ನಕ್ಕಳು. ಕವಿ ಹೇಳಿದ್ದಕ್ಕಿಂತ ಬಿದ್ದವನು ಹೇಳುವಾಗ ನಕ್ಕವರ ಸಂಖ್ಯೆ ಬೆಳೆದಿದೆ. ಒಣಬಟ್ಟೆ ಅವನ ಬಾಯಲ್ಲಿ ಉಪಕಾರವಾಗುವುದಿಲ್ಲ, ಅದೂ ಗಾಯಗಳ ಲೆಕ್ಕಕ್ಕೆ ಸೇರುತ್ತದೆ. ಅವಮಾನದ ನೆನಪು ಕೆಲಸ ಮಾಡುವ ಬಗೆಯೇ ಅದು.

ಇದನ್ನು ಹೇಳಿ, ಅವರ ಕೈಗೆ ಹಾಳೆ ಕೊಟ್ಟು ಜಾತ್ರೆಯ ರಾತ್ರಿ ಯಾರ್ಯಾರು ನಕ್ಕರು ಬರೆಯಿರಿ ಎಂದೆವು. ‘ಇಡೀ ಊರ ನಕ್ಕದರಿ’ ಎಂದರು. ಹೆಸರು ಬರೆಯಿರಿ ಎಂದಾಗ 23 ಹೆಸರು ಬಂದವು. ಸಾಹುಕಾರರ ಮಗ, ಪಂಚಾಯ್ತಿ ಮೆಂಬರು, ಹೆಂಡತಿಯ ಅಪ್ಪ. ಮುಂದಿನ ವಾರ ಹೆಂಡತಿಯ ಅಣ್ಣನ ಫೋನಿನಲ್ಲಿದ್ದ ವಿಡಿಯೋ ನೋಡಿದೆವು, ಮೊದಲು ದನಿ ಇಲ್ಲದೆ, ಆಮೇಲೆ ದನಿ ಹಾಕಿ. ಈ ಕ್ರಮ ತಪ್ಪಿಸಬಾರದು. ದನಿ ಮೊದಲು ಕೇಳಿದರೆ ಕಣ್ಣು ನೋಡುವುದನ್ನೇ ಬಿಡುತ್ತದೆ. ನಗು ಆರು ಸೆಕೆಂಡು. ಮುಖ ಗುರುತು ಸಿಕ್ಕವರಲ್ಲಿ ನಕ್ಕವರು ಏಳು ಜನ, ಅದರಲ್ಲಿ ಐದು ಹುಡುಗರು. ಪಟ್ಟಿಯಲ್ಲಿದ್ದ ಮಾವನವರ ಕುರ್ಚಿ ಖಾಲಿ, ಚಹಾ ಕುಡಿಯಲು ಎದ್ದುಹೋಗಿದ್ದರಂತೆ. ಇವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಖಾಲಿ ಕುರ್ಚಿಯನ್ನೇ ನಾಲ್ಕು ಸಲ ಹಿಂದೆ ಎಳೆದು ನೋಡಿದರು. ಇನ್ನೂ ಒಂದು ಮಾತು ಅವರಿಗೇ ಹೊಳೆಯಿತು: ‘ಆ ಸೀನಿನ್ಯಾಗ ಮಂದಿ ನಗಬೇಕ್ರಿ. ನಗದಿದ್ದರ ಸೀನ ಕೆಟ್ಟಂಗ.’

ಇಲ್ಲಿ ನಮ್ಮಿಂದ ತಪ್ಪಾಯಿತು. ಬಾಗಿಲು ತೆರೆಯಿತೆಂದು ಅವಸರ ಮಾಡಿ, ‘ನೋಡಿ, ದುರ್ಯೋಧನ ಬೇರೆ, ನೀವು ಬೇರೆ’ ಎಂದುಬಿಟ್ಟೆವು. ಎರಡು ವಾರ ಅವರು ಬರಲಿಲ್ಲ. ಚಿತ್ರವನ್ನು ಎದುರಿಗೆ ನಿಂತು ಕೀಳಲು ಹೋದರೆ ಅದರ ಹಿಂದೆ ಬಿಸಿಲಲ್ಲಿ ನಿಂತ ಹುಡುಗನೊಬ್ಬನೇ ಉಳಿಯುತ್ತಾನೆ, ಅವನನ್ನು ನೋಡಲು ಅವರಿನ್ನೂ ತಯಾರಿರಲಿಲ್ಲ. ಅವರ ಮನೆಗೆ ಫೋನು ಮಾಡಿ, ನಮ್ಮ ಮಾತು ಹೆಚ್ಚಾಯಿತು ಎಂದು ಒಪ್ಪಿಕೊಂಡ ಮೇಲೆ ಬಂದರು. ಮೇಲಿನವರು ತಪ್ಪು ಒಪ್ಪಿಕೊಂಡದ್ದು ಅವರಿಗೆ ಹೊಸತು.

ಐದನೆಯ ಭೇಟಿಯಿಂದ ಬೇಕೇಬೇಕುಗಳ ಪಟ್ಟಿ ಹಿಡಿದೆವು. ಹದಿನಾಲ್ಕು ಸಿಕ್ಕವು. ಪ್ರತಿಯೊಂದರ ಪಕ್ಕ ಮೂರು ಪ್ರಶ್ನೆ: ಇದನ್ನು ಯಾರು ಹೇಳಿದರು, ವರ್ಷಕ್ಕೆ ಎಷ್ಟು ದುಡ್ಡು ತಿನ್ನುತ್ತದೆ, ತಪ್ಪಿದರೆ ನಿಜವಾಗಿ ಏನಾಗುತ್ತದೆ. ‘ಎಲ್ಲರ ಚಹಾದ ದುಡ್ಡು ನಾನೇ ಕೊಡಬೇಕು’ ಎಂಬ ಒಂದೇ ಸಾಲಿನ ಲೆಕ್ಕ ದಿನಕ್ಕೆ 60ರಂತೆ ವರ್ಷಕ್ಕೆ 21,900. ಲೆಕ್ಕ ಮಾಡಿದವರು ಅವರೇ. ಹತ್ತರ ಅಳತೆಯಲ್ಲಿ ದೊರೆ ಎಲ್ಲಿದ್ದಾನೆ, ನೀವೆಲ್ಲಿ ಎಂದು ಕೇಳಿದರೆ ‘ಅಂವಾ ಹತ್ತು, ನಾ ಎರಡು’. ಸಾಮಾನ್ಯವಾಗಿ ಸಲಹೆಗಾರರು ಆ ಎರಡನ್ನು ಎತ್ತಲು ಹೊರಡುತ್ತಾರೆ: ಹೊಗಳಿಕೆ, ಧೈರ್ಯ, ‘ನಿಮ್ಮಲ್ಲಿ ಶಕ್ತಿ ಇದೆ’. ಅದರಿಂದ ದೊರೆಯೇ ಕೊಬ್ಬುತ್ತಾನೆ. ಹತ್ತನ್ನು ಆರಕ್ಕೆ ಇಳಿಸುವುದು ಕೆಲಸ.

ಅದಕ್ಕೆ ಮೆಟ್ಟಿಲು ಹಾಕಿದೆವು. ಬೆಳಿಗ್ಗೆ ಆರಕ್ಕೆ, ಜನ ಸೇರುವ ಮುಂಚೆ, ಹೋಟೆಲಿನಲ್ಲಿ ಹತ್ತು ನಿಮಿಷ. ನಾಲ್ಕು ದಿನ ಅದಾದ ಮೇಲೆ ಸಂಜೆ ಕಟ್ಟೆ. ಅವರು ಎರಡನೆಯ ದಿನವೇ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಕಟ್ಟೆಗೆ ಹೋಗಿ ಇಪ್ಪತ್ತು ಜನಕ್ಕೆ ಚಹಾ ಕುಡಿಸಿ ಬಂದರು. ಮನೆಯವರಿಗೆ ಖುಷಿಯೋ ಖುಷಿ, ನಮಗಲ್ಲ. ಹೊರಗೆ ಹೋದದ್ದು ದೊರೆ, ಇವರು ಮನೆಯಲ್ಲೇ ಉಳಿದಿದ್ದರು. ಸೂಚನೆ ಬದಲಾಯಿತು: ಹೊಲದ ಬಟ್ಟೆಯಲ್ಲೇ ಹೋಗಬೇಕು, ಜೇಬಿನಲ್ಲಿ 20 ರೂಪಾಯಿ ಮೀರಬಾರದು, ಯಾರಾದರೂ ಜಾತ್ರೆಯ ಮಾತು ಎತ್ತಿದರೆ ‘ಹೌದು, ಜಾರಿ ಬಿದ್ದೆ’ ಎಂಬ ಎರಡೇ ಮಾತು. ವಿವರಣೆ ಕೊಡಬಾರದು, ತಾವೇ ಮೊದಲು ನಕ್ಕು ಮುಚ್ಚಿಹಾಕಲೂಬಾರದು. ಮೊದಲ ಸಂಜೆ ಕೈ ನಡುಗಿ ಬಸಿಯಲ್ಲಿ ಚಹಾ ಚೆಲ್ಲಿತಂತೆ. ಆರನೆಯ ಸಂಜೆ ಯಾರೂ ಆ ಮಾತೇ ಎತ್ತಲಿಲ್ಲ. ಅದರಿಂದ ತುಸು ಬೇಸರವೂ ಆಯಿತೆಂದರು. ಆ ಬೇಸರವನ್ನು ಹೇಳಿಕೊಂಡದ್ದು ಒಳ್ಳೆಯ ಗುರುತು.

ಏಳನೆಯ ಭೇಟಿಯಲ್ಲಿ ಸರೋವರದ ಸೀನು. ಸೇನೆಯೆಲ್ಲ ಮಡಿದ ಮೇಲೆ ನೀರಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆಳೆದದ್ದು ಚುಚ್ಚುಮಾತು. ಅಲ್ಲಿ ಧರ್ಮರಾಯ ಹುಂಬತನದ ಒಂದು ಮಾತು ಕೊಡುತ್ತಾನೆ: ನಮ್ಮಲ್ಲಿ ಒಬ್ಬನ ಜೊತೆ ಹೋರಾಡು, ಗೆದ್ದರೆ ರಾಜ್ಯ ನಿನ್ನದೇ. ಕೃಷ್ಣ ಅದಕ್ಕೆ ಸಿಡಿಮಿಡಿಗೊಳ್ಳುತ್ತಾನೆ, ನಕುಲನನ್ನೋ ಸಹದೇವನನ್ನೋ ಅವನು ಆರಿಸಿದ್ದರೆ ಗತಿಯೇನು ಎಂದು. ದುರ್ಯೋಧನ ಯಾರನ್ನೂ ಆರಿಸಲಿಲ್ಲ, ಗದೆ ಹಿಡಿದು ‘ಯಾರಾದರೂ ಬನ್ನಿ’ ಎಂದ. ಬಂದವನು ಭೀಮ. ಯಾಕೆ ಆರಿಸಲಿಲ್ಲ ಎಂದು ಕೇಳಿದೆವು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ‘ನಕುಲನ ಜೋಡಿ ಹೊಡದಾಡಿ ಗೆದ್ದರ ಅದೇನ್ ದೊರಿತನ ಆಗ್ತದ್ರಿ? ಹಂಗ ಅನಕೊಂಡಾನ. ರಾಜ್ಯ ಬೇಕಾಗಿದ್ದಿಲ್ಲ ಅಂವಗ, ಪಾರ್ಟು ಬೇಕಾಗಿತ್ತು.’

ಹಾರ್ನೈ ಪುಟಗಟ್ಟಲೆ ಬರೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ಅಲ್ಲಿಂದ ಮುಂದೆ ‘ನಕುಲನ್ನ ಆರಿಸೋದು’ ನಮ್ಮಿಬ್ಬರ ನಡುವಿನ ಮಾತಾಯಿತು. ಬಡ್ಡಿಯವರ ಮುಂದೆ ಎದೆ ಸೆಟೆಸುವುದು ಭೀಮ. ಕಾಕಾನ ಮನೆಗೆ ಹೋಗಿ ‘ಈ ಸಲ ಬೀಜ ಕೊಡು, ರಾಶಿ ಆದ ಮ್ಯಾಲ ಕೊಡ್ತೀನಿ’ ಅನ್ನುವುದು ನಕುಲ. ಎಕರೆಗೆ 5 ಕಿಲೋದಂತೆ 15 ಕಿಲೋ ತೊಗರಿ ಬೀಜ. ಆ ಒಂದು ವಾಕ್ಯವನ್ನು ಖಾಲಿ ಕುರ್ಚಿಯ ಮುಂದೆ ಒಂಬತ್ತು ಸಲ ಹೇಳಿಸಿದೆವು. ಮೊದಲ ಐದು ಸಲ ದನಿ ನಾಟಕದ್ದೇ, ಕೊನೆಯಲ್ಲಿ ಅವರದು.

ಮನೆಯವರಿಗೆ ಹೇಳಿದ್ದು ಕಡಿಮೆ. ಹಂಗಿಸಬೇಡಿ, ‘ನೀ ಹುಲಿ ಇದ್ದಂಗ’ ಎಂಬ ಹುರಿದುಂಬಿಸುವ ಮಾತೂ ಬೇಡ, ಅದೂ ದೊರೆಗೇ ಹೋಗುವ ಕಪ್ಪ. ಹೇಳುವುದಿದ್ದರೆ ಮಾಡಿದ ಕೆಲಸದ ಬಗ್ಗೆ ಹೇಳಿ: ಬದುವಿನ ಕಲ್ಲು ಗಟ್ಟಿ ಕೂತಾವ ಅಂತ. ಮಗಳು ‘ದೊರಿ ಅಪ್ಪಾ’ ಅನ್ನುವುದನ್ನು ಬಿಡಿಸಬೇಕೇ ಎಂದು ಹೆಂಡತಿ ಕೇಳಿದರು. ಬೇಡ, ಮನೆಯೊಳಗೆ ಅದು ಬರೀ ಮುದ್ದು. ಔಷಧಿ ಆರಾಮಾಯಿತೆಂದು ತಾವೇ ನಿಲ್ಲಿಸಕೂಡದು, ಪೆಟ್ಟಿಗೆಯ ಬೀಗ ಬಿತ್ತನೆಯ ಹಂಗಾಮಿನಲ್ಲೂ ಹಾಗೇ ಇರಲಿ. ಹೊಡೆಯುವ ದಿನ ಬೇಕಾದಷ್ಟೇ ತಂದು, ಉಳಿದದ್ದು ಅಂದೇ ವಾಪಸ್.

ಹನ್ನೆರಡನೆಯ ವಾರದಲ್ಲಿ ಪಿಎಚ್‌ಕ್ಯೂ 6ಕ್ಕೆ ಇಳಿದಿತ್ತು, ಒಂಬತ್ತನೆಯ ಪ್ರಶ್ನೆಯಲ್ಲಿ ಸೊನ್ನೆ. ಬೀಜ ಕಾಕಾ ಕೊಟ್ಟರು, ಜೊತೆಗೆ ಅರ್ಧ ತಾಸು ಬೈಗುಳ. ಬೈಗುಳ ತಿಂದು ಊಟ ಮಾಡಿ ಬಂದರಂತೆ. ನಾಟಕ ಬಿಡಿ ಎಂದು ನಾವು ಹೇಳಿಲ್ಲ. ಮುಂದಿನ ತಾಲೀಮಿಗೆ ಹೋಗಬೇಕೋ ಬೇಡವೋ ಅವರಿಷ್ಟ. ಬೇಕೇಬೇಕುಗಳ ಪಟ್ಟಿಯಲ್ಲಿ ಹದಿಮೂರು ಸಾಲು ‘ಆದರ ಚಲೋ’ ಎಂದು ತಿದ್ದಿವೆ. ಒಂದನ್ನು ತಿದ್ದಲು ಅವರು ಸುತರಾಂ ಒಪ್ಪಿಲ್ಲ: ‘ಮಗಳ ಮದುವಿಗಿ ಊರೆಲ್ಲಾ ಉಣಬೇಕು.’ ಮಗಳಿಗೆ ಈಗ ಒಂಬತ್ತು ವರ್ಷ. ತಿಂಗಳಿಗೊಂದು ಭೇಟಿ ಮುಂದುವರಿದಿದೆ.