ರೈಸ್ ಮಿಲ್ಲಿನ ಸದ್ದಿಗೆ ಕಿವಿ ರೂಢಿಯಾಗುತ್ತದೆಯೇ, ಹತ್ತಿ ಇಟ್ಟುಕೊಂಡರೆ ಸಾಕೇ?

ದಾವಣಗೆರೆಯ ರೈಸ್ ಮಿಲ್ಲಿನಲ್ಲಿ ಪಾಲಿಶರ್ ಪಕ್ಕ ದಿನಕ್ಕೆ ಹತ್ತು ತಾಸು ನಿಲ್ಲುತ್ತೀರಿ, ರಾತ್ರಿ ಮಲಗಿದರೆ ಕಿವಿ ಗುಂಯ್‌ಗುಡುತ್ತದೆ, ಹಿರಿಯ ಕೆಲಸಗಾರರು ‘ಹತ್ತಿ ಇಟ್ಟುಕೋ, ರೂಢಿಯಾಗುತ್ತದೆ’ ಎನ್ನುತ್ತಾರೆ, ಅದು ನಿಜವೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಶ್ರವಣ ಪರೀಕ್ಷೆ ಮಾಡುವವನಾಗಿ ಹೇಳುತ್ತೇನೆ: ಕಿವಿ ಸದ್ದಿಗೆ ರೂಢಿಯಾಗುವುದಿಲ್ಲ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಹುಟ್ಟಿನಿಂದ ಸುಮಾರು 15,000 ಮಾತ್ರ. ಸತ್ತವು ಮತ್ತೆ ಬೆಳೆಯುವುದಿಲ್ಲ. ಮಿಲ್ಲಿನ ಸದ್ದು ಈಗ ಮೊದಲಿನಷ್ಟು ಕಾಡುತ್ತಿಲ್ಲವೆಂದರೆ, ಕೇಳುವ ಶಕ್ತಿಯೇ ಕುಗ್ಗಿರಬಹುದು.

ಈ ನಷ್ಟ ಬೇಗ ಗೊತ್ತಾಗುವುದಿಲ್ಲ. ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ ಮೊದಲು 4000 ಹರ್ಟ್ಸ್ ಎಂಬ ಎತ್ತರದ ಆವರ್ತನದ ಸುತ್ತ ಗೆರೆ ತಗ್ಗಿಗೆ ಇಳಿದು ಮತ್ತೆ ಮೇಲೇರುತ್ತದೆ. ಸ್ವರಗಳು ತಗ್ಗಿನ ಆವರ್ತನದಲ್ಲಿರುವುದರಿಂದ ಮಾತು ಕೇಳಿಸುತ್ತಲೇ ಇರುತ್ತದೆ, ಆದರೆ ಸ, ಶ, ತ ಮುಂತಾದ ವ್ಯಂಜನಗಳು ಕಿವಿಯಿಂದ ಜಾರಿಹೋಗುತ್ತವೆ. ಪಂಕ್ತಿಯಲ್ಲಿ ಬಡಿಸುವವರಿಗೆ ‘ಸಾಕು’ ಎಂದದ್ದು ‘ಹಾಕು’ ಎಂದು ಕೇಳಿಸಿದರೆ ಉಳಿದವರು ನಗುತ್ತಾರೆ. ನಾನು ಆ ಬಡಿಸುವವರು ಎಲ್ಲಿ ಕೆಲಸ ಮಾಡುತ್ತಾರೆಂದು ವಿಚಾರಿಸುತ್ತೇನೆ.

ಕೈಚಾಚಿದಷ್ಟು ದೂರದಲ್ಲಿರುವವರೊಡನೆ ದನಿ ಏರಿಸಿಯೇ ಮಾತಾಡಬೇಕಾದರೆ ಅಲ್ಲಿನ ಸದ್ದು 85 ಡೆಸಿಬಲ್ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಹೆಚ್ಚು ಇದೆಯೆಂದು ತಿಳಿಯಿರಿ. 85ರಲ್ಲಿ 8 ತಾಸು ಇರಬಹುದೆಂಬುದು ಎಚ್ಚರಿಕೆಯ ಲೆಕ್ಕ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತ, 94ಕ್ಕೆ ಒಂದು ತಾಸು, 100ಕ್ಕೆ ಬರೀ 15 ನಿಮಿಷ ಉಳಿಯುತ್ತದೆ. ನಮ್ಮ ಕಾರ್ಖಾನೆ ನಿಯಮಗಳು 8 ತಾಸಿಗೆ 90 ಡೆಸಿಬಲ್‌ವರೆಗೆ ಬಿಡುತ್ತವೆ, ಆದ್ದರಿಂದ ‘ನಿಯಮದ ಪ್ರಕಾರವೇ ಇದೆ’ ಎಂಬ ಮಾಲೀಕರ ಮಾತು ನಿಜವಾಗಿದ್ದರೂ ನಿಮ್ಮ ಕಿವಿಗೆ ಅದು ಸಾಲದು. ಸವೆದ ಬೇರಿಂಗ್ ಬದಲಿಸಲು, ಅದುರುವ ತಗಡನ್ನು ಬಿಗಿಗೊಳಿಸಲು, ಬ್ಲೋವರನ್ನು ಗೋಡೆಯಾಚೆ ಇಡಲು ಮೊದಲು ಕೇಳಿ. ಮೂಲದಲ್ಲೇ ತಗ್ಗಿದ ಸದ್ದು ಎಲ್ಲರಿಗೂ ತಗ್ಗುತ್ತದೆ.

ಹತ್ತಿ ತಡೆಯುವುದು ಅತ್ಯಲ್ಪ. ಫೋಮ್ ಇಯರ್‌ಪ್ಲಗ್ ಕೊಳ್ಳಿ. ಶುಚಿಯಾದ ಬೆರಳುಗಳಿಂದ ಅದನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಎದುರಿನಿಂದ ನೋಡುವವರಿಗೆ ಪ್ಲಗ್ ಹೊರಚಾಚಿ ಕಂಡರೆ ಅದು ಸರಿಯಾಗಿ ಕೂತಿಲ್ಲ. ಮಾತಾಡಲೆಂದು ತೆಗೆಯುವ ಚಟ ಬೇಡ: 30 ಡೆಸಿಬಲ್ ತಡೆಯುವ ಪ್ಲಗ್ಗನ್ನು 8 ತಾಸಿನಲ್ಲಿ ಅರ್ಧ ತಾಸು ತೆಗೆದಿಟ್ಟರೂ ಆ ದಿನದ ಒಟ್ಟು ರಕ್ಷಣೆ ಸುಮಾರು 12 ಡೆಸಿಬಲ್‌ಗೆ ಕುಸಿಯುತ್ತದೆ. ಕಿವಿ ಸೋರುತ್ತಿದ್ದರೆ ಪ್ಲಗ್ ಬಿಟ್ಟು ಇಯರ್‌ಮಫ್ ಬಳಸಿ, ವೈದ್ಯರಿಗೂ ತೋರಿಸಿ.

ಮಿಲ್ಲಿನಿಂದ ಹೊರಬಂದ ಮೇಲೆ ಇಯರ್‌ಫೋನ್ ಜೋರು ಮಾಡುವುದು, ಗಣಪತಿ ವಿಸರ್ಜನೆಯಲ್ಲಿ ಡಿ.ಜೆ. ಪೆಟ್ಟಿಗೆಯ ಎದುರೇ ಕುಣಿಯುವುದು ಇದೇ ಲೆಕ್ಕಕ್ಕೆ ಸೇರುತ್ತವೆ.

ರಜೆಯ ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು ಒಮ್ಮೆ ಆಡಿಯೋಗ್ರಾಮ್ ಮಾಡಿಸಿ. ಕನಿಷ್ಠ 14 ತಾಸು ಸದ್ದಿನಿಂದ ದೂರವಿದ್ದರೆ ತಾತ್ಕಾಲಿಕ ಮಂದತನ ಫಲಿತಾಂಶದಲ್ಲಿ ಬೆರೆಯುವುದಿಲ್ಲ. ಸದ್ದಿನಿಂದಾಗುವ ಕಿವುಡುತನ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪಟ್ಟಿಯಲ್ಲಿದ್ದ ಕಾಯಿಲೆ, ಇಎಸ್‌ಐ ಅಡಿಯಲ್ಲೂ ಔದ್ಯೋಗಿಕ ರೋಗ. ಹಾಗಾಗಿ ವರದಿಯ ಪ್ರತಿಯನ್ನು ಮಿಲ್ಲಿಗೆ ಕೊಟ್ಟರೂ ಮೂಲವನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.