ನೀಲಿ ಟಿಕ್ ಬಿದ್ದರೆ ಒಪ್ಪಿಕೊಂಡ ಹಾಗಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 26 ಜನ ಇದ್ದೇವೆ. ಮ್ಯಾನೇಜರ್ ರಾತ್ರಿ ಹತ್ತಾದರೂ ಮೆಸೇಜ್ ಹಾಕುತ್ತಿರುತ್ತಾರೆ. ಮೊನ್ನೆ ಮಗಳಿಗೆ ಹೋಂವರ್ಕ್ ಮಾಡಿಸುತ್ತಾ ಮೆಸೇಜ್ ನೋಡಿದೆ, ಉತ್ತರ ಹಾಕಲಿಲ್ಲ. 'ನೋಡಿಯೂ ಸುಮ್ಮನಿದ್ದೀರಲ್ಲ' ಎಂದು ಬೆಳಿಗ್ಗೆ ಗ್ರೂಪಿನಲ್ಲೇ ಬೈದರು. ಫೋನ್ ಆಫ್ ಮಾಡಿ ಮಲಗಿದರೆ ತಪ್ಪಾ? ನಾನೇ ಸೋಮಾರಿನಾ?" (ಹೆಸರು ಹಾಕಬೇಡಿ ಎಂದಿದ್ದಾರೆ.)

ಪ್ರಿಯ ಸೋದರಿ,

ತಪ್ಪಲ್ಲ. ಸೋಮಾರಿತನವೂ ಅಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರ ಓದುತ್ತಾ ಹೋದಂತೆ ನಿಮ್ಮ ಮ್ಯಾನೇಜರ್ ಕುರ್ಚಿಯಲ್ಲಿ ನನಗೆ ನಾನೇ ಕಂಡೆ.

ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಮನೆ ಮದುವೆ. ಮೊದಲ ಪಂಕ್ತಿಯಲ್ಲಿ ಜಾಗ ಸಿಗದೆ ಗೋಡೆ ಪಕ್ಕ ನಿಂತಿದ್ದೆ. ಸುಮ್ನೆ ನಿಂತಾಗ ನೆನಪಾಯಿತು, 12ನೇ ಪುಟದ ಫೋಟೊ ಬದಲಿಸಬೇಕಿತ್ತು. ಮರೆತುಬಿಟ್ಟೇನು ಅಂತ ಆಫೀಸಿನ ಗ್ರೂಪಿಗೆ ಒಂದು ಸಾಲು ಹಾಕಿದೆ. ನಮ್ಮ ಪುಟ ವಿನ್ಯಾಸ ಮಾಡುವ ಹುಡುಗ ಎದುರಿನ ಸಾಲಿನಲ್ಲೇ ಊಟಕ್ಕೆ ಕೂತಿದ್ದ. ಎಲೆಯಲ್ಲಿ ಅನ್ನಕ್ಕೆ ಆಗಷ್ಟೇ ಸಾರು ಬಿದ್ದಿತ್ತು. ಎಡಗೈಯಲ್ಲಿ ಫೋನ್ ತೆಗೆದು ನೋಡಿದ. ಮುಖ ಸಣ್ಣದಾಯಿತು. ಹೆಬ್ಬೆರಳಲ್ಲೇ 'ಆಯ್ತು ಸರ್' ಅಂತ ಒತ್ತಿದ. ಹೋಳಿಗೆ ಬರುವ ಮೊದಲೇ ಕೈ ತೊಳೆಯಲು ಎದ್ದುಹೋದ. ಆ ಪುಟ ಅಚ್ಚಿಗೆ ಹೋಗಲು ಇನ್ನೂ ಮೂರು ದಿನ ಇತ್ತು. ಅದನ್ನು ನಾನು ಬರೆದೇ ಇರಲಿಲ್ಲ.

ನನ್ನ ಮೆಸೇಜು ಇನ್ನೊಬ್ಬರ ಕೈಗೆ ಸಿಕ್ಕಾಗ ಏನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದು ಅದೇ ಮೊದಲು. ಆ ಅರ್ಧ ಊಟದ ಎಲೆ ಈಗಲೂ ನೆನಪಾಗುತ್ತದೆ.

ಮೆಸೇಜ್ ಹಾಕುವವರಿಗೆ ಏನೂ ಖರ್ಚಿಲ್ಲ ನೋಡಿ. ನೆನಪಾದದ್ದನ್ನು ಒತ್ತಿ ಕಳಿಸಿದರೆ ಅವರ ತಲೆ ಹಗುರ. ಈಗಲೇ ಆಗಬೇಕಾದ ಕೆಲಸಕ್ಕೂ ಮುಂದಿನ ವಾರದ ಕೆಲಸಕ್ಕೂ ಫೋನಿನಿಂದ ಬರುವುದು ಒಂದೇ ಸದ್ದು. ಯಾವುದು ಅರ್ಜೆಂಟು, ಯಾವುದು ಅಲ್ಲ ಎಂದು ಆರಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ, ಅದೂ ಮಗಳ ಮಗ್ಗಿಯ ನಡುವೆ.

ಇನ್ನು ಆ ನೀಲಿ ಟಿಕ್. ವಾಟ್ಸ್ಆ್ಯಪ್ ಅದನ್ನು ತಂದಿದ್ದು 2014ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಮೆಸೇಜ್ ತಲುಪಿತು ಅಂತಷ್ಟೇ ತಿಳಿಯುತ್ತಿತ್ತು, ಓದಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೇಡದವರು ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆಫ್ ಮಾಡಬಹುದು. ಆದರೆ ಗ್ರೂಪಿನಲ್ಲಿ ಅದು ನಡೆಯುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಓದಿದರು ಎಂದು ಮೆಸೇಜ್ ಹಾಕಿದವರು ತೆಗೆದು ನೋಡಬಹುದು. ನಿಮ್ಮ ಮ್ಯಾನೇಜರ್ ನೋಡಿದ್ದು ಇದನ್ನೇ ಇರಬೇಕು.

ಹಿಂದೆ ರಿಜಿಸ್ಟರ್ಡ್ ಪೋಸ್ಟ್ ಬಂದರೆ ಪೋಸ್ಟ್‌ಮ್ಯಾನ್ ಒಂದು ಕಾರ್ಡಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು, ನೆನಪಿದೆಯಾ? ಪತ್ರ ಕೈ ಸೇರಿತು ಅನ್ನುವುದಕ್ಕಷ್ಟೇ ಆ ಸಹಿ. ಒಳಗೆ ಬರೆದದ್ದನ್ನು ಒಪ್ಪಿದೆ ಅಂತ ಯಾರೂ ತಿಳಿಯುತ್ತಿರಲಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್ ಒಂದು ಪ್ರಕರಣದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೋಟಿಸು ತಲುಪಿದೆ, ತೆರೆದು ನೋಡಿದ್ದಾರೆ ಅನ್ನುವುದಕ್ಕೆ ನೀಲಿ ಟಿಕ್ಕನ್ನು ಪರಿಗಣಿಸಿತ್ತು. ಕೋರ್ಟೇ ಅದನ್ನು 'ತಲುಪಿದೆ' ಅನ್ನುವಷ್ಟಕ್ಕೆ ಬಳಸಿರುವಾಗ, ಆಫೀಸು 'ಈಗಲೇ ಮಾಡುತ್ತೇನೆ ಅಂತ ಮಾತು ಕೊಟ್ಟಿದ್ದೀರಿ' ಎಂದು ಓದಿಕೊಂಡರೆ ಹೇಗೆ?

ಎಲ್ಲರೆದುರು ಬೈದದ್ದು ನನಗೆ ಇದಕ್ಕಿಂತ ಜಾಸ್ತಿ ನೋವು ತಂದಿತು. ಮೊದಲೂ ಬೈಗುಳ ಇತ್ತು. ಒಳಗೆ ಕರೆದು, ಬಾಗಿಲು ಮುಚ್ಚಿ ಬೈಯುತ್ತಿದ್ದರು. ಸಂಜೆಗೆ ಇಬ್ಬರೂ ಮರೆಯುತ್ತಿದ್ದರು. ಗ್ರೂಪಿನ ಬೈಗುಳವನ್ನು 25 ಜನ ಓದುತ್ತಾರೆ, ಒಂದಿಬ್ಬರು ಭಯಕ್ಕೆ ಹೆಬ್ಬೆಟ್ಟಿನ ಚಿತ್ರ ಹಾಕುತ್ತಾರೆ. ಮತ್ತೆ ಅದು ಅಲ್ಲೇ ಇರುತ್ತದೆ. ಆರು ತಿಂಗಳ ನಂತರ ಯಾವುದೋ ಬಿಲ್ ಹುಡುಕುತ್ತಾ ಮೇಲೆ ಹೋದರೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಕಾನೂನು ಏನನ್ನುತ್ತದೆ ಅಂತಲೂ ಕೇಳಿಕೊಳ್ಳುತ್ತೀರಿ, ಅಲ್ವಾ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು. ಅದಕ್ಕಿಂತ ಹೆಚ್ಚು ದುಡಿಸಿದರೆ ದುಪ್ಪಟ್ಟು ಸಂಬಳ ಕೊಡಬೇಕು ಎಂದಿತು. ರಾತ್ರಿ ಹತ್ತರ ಮೆಸೇಜಿಗೆ ಕೊಟ್ಟ ಉತ್ತರ ಮಾತ್ರ ಯಾವ ಹಾಜರಿ ಪುಸ್ತಕಕ್ಕೂ ಏರುವುದಿಲ್ಲ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿಗೆ ಕಾನೂನಿದೆ. ನಮ್ಮಲ್ಲೂ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದ್ದೇ ಖಾಸಗಿ ಮಸೂದೆಯೊಂದನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ.

ಹಾಗಾಗಿ ಸದ್ಯಕ್ಕೆ ಮಾತಾಡುವುದೇ ದಾರಿ. ಗ್ರೂಪಿನಲ್ಲಿ ಬರೆಯಬೇಡಿ. ಅಲ್ಲಿ ಬರೆದರೆ ಜಗಳವಾಗುತ್ತದೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವರ ಹತ್ತಿರ ಹೋಗಿ ಹೀಗೆ ಹೇಳಿ: "ಸರ್, ರಾತ್ರಿ ಎಂಟರ ಮೇಲೆ ತೀರಾ ಅರ್ಜೆಂಟ್ ಇದ್ದರೆ ಫೋನ್ ಮಾಡಿ, ಖಂಡಿತ ಎತ್ತುತ್ತೇನೆ. ಮೆಸೇಜ್ ಹಾಕಿದರೆ ಬೆಳಿಗ್ಗೆ ಬಂದ ತಕ್ಷಣ ನೋಡುತ್ತೇನೆ." ಆಮೇಲೆ ಗ್ರೂಪನ್ನು ಮ್ಯೂಟ್ ಮಾಡಿಡಿ, ಫೋನ್ ಆನ್ ಇರಲಿ. ಫೋನ್ ಮಾಡಬೇಕೆಂದರೆ ಅವರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ: ಇಷ್ಟು ಹೊತ್ತಿನಲ್ಲಿ ಒಬ್ಬರ ಮನೆಗೆ ಫೋನ್ ಮಾಡುವಂಥ ಕೆಲಸವಾ ಇದು?

ನಮ್ಮ ಆಫೀಸಿನಲ್ಲಿ ಆ ಮದುವೆಯ ಮರುವಾರವೇ ಈ ಪದ್ಧತಿ ಮಾಡಿಕೊಂಡೆವು. ರಾತ್ರಿ ನೆನಪಾದದ್ದನ್ನು ನಾನೀಗ ದಿಂಬಿನ ಪಕ್ಕದ ಪುಟ್ಟ ನೋಟ್‌ಬುಕ್ಕಿನಲ್ಲಿ ಗೀಚಿಡುತ್ತೇನೆ. ಅರ್ಜೆಂಟ್ ಅಂತ ರಾತ್ರಿ ಫೋನ್ ಮಾಡಿದ್ದು ಇಲ್ಲಿಯವರೆಗೆ ನಾಲ್ಕೇ ಸಲ.

ನಿಮ್ಮ ಮ್ಯಾನೇಜರ್ ಏನಂದರು ಅಂತ ತಪ್ಪದೆ ಬರೆಯಿರಿ.

ಸಂಪಾದಕ